ಹಗುರ ಕ್ಯಾಸೆಟ್ಟು, ಭಾರದ ಕ್ಯಾಸೆಟ್ಟು

ತೊಂಬತ್ತರ ದಶಕದಲ್ಲಿ ಶಿಕಾರಿಪುರದ ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಆಡುತ್ತಿದ್ದವಳು ಒಬ್ಬಳೇ: ನಮ್ಮ ಅವ್ವ. ಹೊಸದಾಗಿ ನೌಕರಿ ಸೇರಿದ ಹುಮ್ಮಸ್ಸಿನಲ್ಲಿ ಅದನ್ನು ನನಗೆಂದೇ ತಂದಿದ್ದೆ. ಒಂದು ಮಧ್ಯಾಹ್ನ ಅವ್ವ "ಏನಿದು" ಎಂದು ಕೈಗೆತ್ತಿಕೊಂಡಳು. ಅದು ನನಗೆ ವಾಪಸ್ಸು ಸಿಗಲಿಲ್ಲ.

ಅದಕ್ಕೆ ಸಿಕ್ಕಿಸುವ ಕ್ಯಾಸೆಟ್ಟಿನ ಆಟದಲ್ಲಿ ಏಳು ಕೋಟೆ ಗೆಲ್ಲಬೇಕು. ಅವ್ವ ಆರನೆಯದಕ್ಕೆ ಕಾಲಿಟ್ಟಳೆಂದರೆ ಕರೆಂಟು ಹೋಗಬೇಕು. ಬಂದ ಮೇಲೆ ಮತ್ತೆ ಮೊದಲ ಕೋಟೆ. "ರೊಟ್ಟಿ ಅರ್ಧ ಬೆಂದಾಗ ಒಲಿ ಆರಿದ್ರೆ ಮತ್ತೆ ಹಿಟ್ಟು ನಾದ್ತೀವೇನೋ?" ಎಂದು ಟಿವಿಯನ್ನೇ ಕೇಳುತ್ತಿದ್ದಳು.

ಆಫೀಸಿನ ಗೆಳೆಯನೊಬ್ಬ ಪರಿಹಾರ ಹೇಳಿದ. ಇದೇ ಆಟದ ಅಸಲಿ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿ ಇರುತ್ತದಂತೆ. ಕರೆಂಟು ಹೋದರೂ ಗೆದ್ದ ಕೋಟೆಗಳು ಅದರ ನೆನಪಿನಲ್ಲಿರುತ್ತವಂತೆ. ನಮ್ಮದರಂಥ ನಕಲಿಗೆ ಮೇಲಿನ ಚಿತ್ರ ಮಾತ್ರ ಅದೇ. ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರ ವಾಚ್ ರಿಪೇರಿ ಅಂಗಡಿಯಲ್ಲಿ ಅಸಲಿ ಸಿಗುತ್ತವೆ ಎಂದೂ ಹೇಳಿದ.

"ನಿಂಗೆ ಮಾಲು ತಿಳಿಯಂಗಿಲ್ಲ. ಮಾವನ್ನ ಕರ್ಕೊಂಡು ಹೋಗು" ಎಂದು ಅವ್ವ ಅಪ್ಪಣೆ ಕೊಟ್ಟಳು. ಮಾವ ಎಂದರೆ ಅವಳ ತಮ್ಮ. ಸೊರಬದ ಅಡಿಕೆ ಮಂಡಿಯಲ್ಲಿ ಮಾಲು ಪರೀಕ್ಷಿಸುವುದು ಅವನ ಕೆಲಸ. ಅವನು ಕೈಯಲ್ಲಿ ತೂಗಿ ಹೇಳಿದ ಮೇಲೆ ಅಡಿಕೆ ಕೂಡ ಎದುರು ಮಾತಾಡುವುದಿಲ್ಲ ಎಂಬುದು ನಮ್ಮ ಕುಟುಂಬದ ನಂಬಿಕೆ.

ಅಂಗಡಿಯ ವಾಚಿನವರು ಗಾಜಿನ ಕಪಾಟಿನ ಮೇಲೆ ಎರಡು ಕ್ಯಾಸೆಟ್ಟು ಇಟ್ಟರು. ಅದೇ ಚಿತ್ರ, ಅದೇ ಬಣ್ಣ. "ಎರಡೂ ಒರಿಜಿನಲ್ಲೇ ರೀ. ಬಿಚ್ಚಿ ನೋಡೋ ಹಾಗಿಲ್ಲ ಮಾತ್ರ."

ಮಾವ ಹೆಗಲ ಟವೆಲ್ಲು ತೆಗೆದು ಪಕ್ಕಕ್ಕಿಟ್ಟ. ಎರಡು ಅಂಗೈಯಲ್ಲಿ ಎರಡನ್ನೂ ಹಿಡಿದು ಕಣ್ಣು ಮುಚ್ಚಿದ. ಮೂಸಿದ. ಕಿವಿಯ ಹತ್ತಿರ ಅಲ್ಲಾಡಿಸಿದ. ಕೊನೆಗೆ ಒಂದನ್ನು ಮೈಲಿಗೆಯ ವಸ್ತುವಿನಂತೆ ಕೆಳಗಿಟ್ಟ.

"ಭಾರ ಇದೆ. ಹಸಿ ಮಾಲು. ಇದು ನೋಡು, ಎಷ್ಟು ಹಗುರ! ಚೆನ್ನಾಗಿ ಒಣಗಿದೆ."

"ಮಾವ, ಇದು ಅಡಿಕೆ ಅಲ್ಲ."

"ಮಾಲು ಯಾವುದಾದ್ರೂ ಮಾಲೇ ಮಾರಾಯ."

ವಾಚಿನವರು ಅತ್ಯಂತ ಗೌರವದಿಂದ ಹಗುರದ್ದನ್ನೇ ಕಟ್ಟಿಕೊಟ್ಟರು. ಆ ಗೌರವ ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಸಂಜೆ ಅವ್ವ ಐದು ಕೋಟೆ ಗೆದ್ದಳು. ಕರೆಂಟು ತನ್ನ ಪದ್ಧತಿಯಂತೆ ಹೋಗಿ ಬಂತು. ಪರದೆಯ ಮೇಲೆ ಮೊದಲ ಕೋಟೆಯ ಬಾಗಿಲು. ಅವ್ವ ಕ್ಯಾಸೆಟ್ಟು ಕಿತ್ತು ತನ್ನ ಎಲೆಸಂಚಿಗೆ ಹಾಕಿಕೊಂಡಳು. ಅವಳು ಎಲೆಸಂಚಿ ಕೈಗೆತ್ತಿಕೊಂಡರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತೇವೆ.

ಬೆಳಗಿನ ಮೊದಲ ಬಸ್ಸಿಗೆ ಅವ್ವ, ನಾನು ಸೊರಬಕ್ಕೆ. ಮಂಡಿಯಿಂದ ಮಾವನನ್ನು ಎಬ್ಬಿಸಿಕೊಂಡು ಅಂಗಡಿಗೆ ನಡೆದೆವು. ಅವ್ವ ಎಲೆಸಂಚಿಯಿಂದ ಅಡಿಕೆ ಕತ್ತರಿಸುವ ಅಡಕೊತ್ತು ತೆಗೆದು, ಹಗುರ ಕ್ಯಾಸೆಟ್ಟಿನ ಸಂದಿಗೆ ತೂರಿಸಿ ಮೀಟಿದಳು. ಟಪ್! ಒಳಗೆ ಬೆರಳಗಲದ ಹಲಗೆ, ಅದರ ಮೇಲೆ ಕರಿ ಟಾರಿನಂಥ ಒಂದು ಬೊಟ್ಟು. ಉಳಿದದ್ದೆಲ್ಲ ಬಯಲು.

"ಟೊಳ್ಳು" ಎಂದು ಮಾವ ಪಿಸುಗುಟ್ಟಿದ.

ಅವ್ವ ಅಡಕೊತ್ತನ್ನು ಗಾಜಿನ ಮೇಲಿಟ್ಟಳು. "ಇನ್ನೊಂದು ನೀವೇ ಬಿಚ್ಚತೀರೋ, ನಾನೇ ಬಿಚ್ಚಲೋ?"

ವಾಚಿನವರು ಅಡಕೊತ್ತು ನೋಡಿದರು, ಅವ್ವನನ್ನು ನೋಡಿದರು, ತಮ್ಮ ಸಣ್ಣ ಚಾಕುವಿನಿಂದ ಬಿಚ್ಚಿದರು. ಒಳಗೆ ಎಂಟಾಣೆಯ ಹಾಗೆ ಹೊಳೆಯುವ ಬ್ಯಾಟರಿ! ಎರಡೂ ನಕಲಿಯೆಂದೇ ಅವರು ತಿಳಿದಿದ್ದರೆಂದು ಕಾಣುತ್ತದೆ, ನಮಗಿಂತ ಮೊದಲು ಅವರೇ "ಅರೆ!" ಎಂದರು. ಅದನ್ನು ಮತ್ತೆ ಮುಚ್ಚಿ ಬದಲಿಸಿಕೊಟ್ಟರು.

"ಭಾರ ಇದೆ ಅಂತ ನಾನು ಅವತ್ತೇ ಹೇಳಿದ್ದೆ ಅಕ್ಕಾ" ಎಂದ ಮಾವ.

"ಹೇಳಿದ್ದಿ. ಹೇಳಿ ಕೆಳಗಿಟ್ಟಿ."

ತನ್ನ ಮಾನ ಕಾಪಾಡಿಕೊಳ್ಳಲು ಮಾವನೂ ಶಿಕಾರಿಪುರಕ್ಕೆ ಬಂದ. ಸಂಜೆ ಅವ್ವ ಐದು ಕೋಟೆ ಮುಗಿಸಿ, ಕೈಕಟ್ಟಿ ಕೂತಳು. ಕರೆಂಟು ಹೋಗಲಿ ಎಂದು ನಮ್ಮ ಮನೆ ಮೊದಲ ಸಲ ಕಾದಿತ್ತು. ಅವತ್ತು ಅದು ಹೋಗಲೇ ಇಲ್ಲ. ಎರಡು ಸುತ್ತು ಚಹಾ ಆಯಿತು.

"ತಮ್ಮಾ, ನೀನೇ ಆರಿಸು" ಎಂದಳು ಅವ್ವ.

ಮಾವ ಟವೆಲ್ಲು ತೆಗೆದಿಟ್ಟು ಸ್ವಿಚ್ಚು ಆರಿಸಿದ, ಹತ್ತು ಎಣಿಸಿ ಮತ್ತೆ ಹಾಕಿದ. ಪರದೆ ಬೆಳಗಿತು: ಆರನೇ ಕೋಟೆಯ ಬಾಗಿಲು!

"ನೋಡಕ್ಕಾ, ಒಂದನೇ ನಂಬರ್ ಮಾಲು!" ಎಂದು ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಅವ್ವ ತಿರುಗಿ ನೋಡಲಿಲ್ಲ. ಅವಳು ಆಗಲೇ ಬಾಗಿಲು ಒಡೆದು ಒಳಗೆ ಹೋಗಿದ್ದಳು.