ಅನುಮತಿ ಇಲ್ಲದೆ ಕಿತ್ತ ಬೂಷ್ಟು

"ಎಲ್ಲಿದೆ ಮೇಡಂ ಬೂಷ್ಟು?" ಎಂದು ಇಂಜಿನಿಯರ್ ಕೇಳಿದರು.

ಎದುರಿಗಿದ್ದ ಗೋಡೆ ಬೆಳ್ಳಗಿತ್ತು. ಬಾಗಿಲ ಹತ್ತಿರ ನಮ್ಮವ್ವ ಕಾಫಿ ಹಿಡಿದು ನಿಂತಿದ್ದಳು, ಬೆರಳ ಸಂದಿಯಲ್ಲಿ ಇನ್ನೂ ಸುಣ್ಣ ಇತ್ತು.

ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ...

ನಾನು ಹನೂರಿನಲ್ಲಿ ನರ್ಸ್. ಇರುವುದು ಸರ್ಕಾರಿ ಕ್ವಾರ್ಟರ್ಸ್, ಒಂದು ಹಾಲ್, ಒಂದು ರೂಮ್. ಟ್ಯಾಂಕಿನಿಂದ ಇಳಿಯುವ ಪೈಪ್ ರೂಮಿನ ಗೋಡೆಯೊಳಗೇ ಎಲ್ಲೋ ಸೋರುತ್ತಿತ್ತು.

ಹನೂರಿನ ಬಿಸಿಲಿಗೆ ಹಪ್ಪಳ ಅರ್ಧ ದಿನಕ್ಕೆ ಒಣಗುತ್ತದೆ. ನಮ್ಮ ಗೋಡೆ ಮಾತ್ರ ಒಣಗಲೇ ಇಲ್ಲ. ಮೊದಲು ಹಸಿರು ಕಲೆ, ಆಮೇಲೆ ಕಪ್ಪು, ಆಮೇಲೆ ಬಾಗಿಲು ತೆಗೆದರೆ ಸಾಕು ಮೂಗಿಗೆ ಬಡಿಯುವ ವಾಸನೆ.

ಮಗಳಿಗೆ ಎಂಟು ವರ್ಷ. ಮೊದಲೇ ವೀಸಿಂಗ್ ಇದ್ದ ಹುಡುಗಿ. ಬೂಷ್ಟು ಹಬ್ಬಿದ ಮೇಲೆ ದಿನಕ್ಕೆ ಎರಡು ಸಲ ನೆಬುಲೈಸರ್ ಹಾಕುವ ಹಾಗಾಯಿತು.

ತೇವ ಇರುವ ಕಡೆ ಮಗು ಮಲಗಿಸಬೇಡಿ ಎಂದು ಆಸ್ಪತ್ರೆಗೆ ಬಂದವರಿಗೆಲ್ಲ ಬುದ್ಧಿ ಹೇಳುವವಳು ನಾನೇ. ಮನೆಗೆ ಬಂದರೆ ನನ್ನ ಮಗಳೇ ಕೆಮ್ಮುತ್ತಾ ಕೂತಿರುತ್ತಾಳೆ. ನಾಚಿಕೆಯಾಗುತ್ತಿತ್ತು.

ರಾಮಾಪುರದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. "ಮ್ಯಾಗ್ಮ್ಯಾಗೆ ಬಳುದ್ರೆ ಆಗಕಿಲ್ಲ ಕಣವ್ವ. ಗಾರೆ ಕಿತ್ತು, ಪೈಪ್ ಸರಿ ಮಾಡಿ, ಒಣಗುಸ್ಬೇಕು" ಅಂದರು. ಎರಡು ದಿನದ ಕೆಲಸವಂತೆ.

ಆಮೇಲೆ ಅವರಿಗೆ ಇದು ಕ್ವಾರ್ಟರ್ಸ್ ಎಂದು ನೆನಪಾಯಿತು. ಲೆಟರ್ ಇಲ್ಲದೆ ಗೋಡೆ ಮುಟ್ಟುವುದಿಲ್ಲ ಎಂದು ಚೀಲ ಎತ್ತಿಕೊಂಡು ಹೊರಟೇ ಬಿಟ್ಟರು.

ಸರಿ, ಕ್ವಾರ್ಟರ್ಸ್ ರಿಪೇರಿ ನೋಡಿಕೊಳ್ಳುವ ಕೊಳ್ಳೇಗಾಲದ ಆಫೀಸಿಗೆ ಹೋದೆ. "ಪರ್ಮಿಷನ್ ಇಲ್ದೆ ಮೊಳೆ ಒಡುದ್ರೂ ನಿಮ್ ಮ್ಯಾಲೇ ಬತ್ತದೆ ಕಣ್ರಿ ಮೇಡಮ್ಮೋರೆ" ಎಂದು ಕ್ಲರ್ಕ್ ಫಾರಂ ಕೊಟ್ಟರು.

ಮೊದಲ ಸಲ ಹೋದಾಗ, ಅರ್ಜಿ ನಿಮ್ಮ ವೈದ್ಯಾಧಿಕಾರಿ ಮೂಲಕ ಬರಬೇಕು ಎಂದು ವಾಪಸ್. ಎರಡನೇ ಸಲ ಹೋದರೆ ಫೋಟೋ ಮೊಬೈಲಲ್ಲಿದ್ದರೆ ಸಾಲದು, ಪ್ರಿಂಟ್ ಬೇಕು. ಮೂರನೇ ಸಲ ಫೈಲ್ ಇನ್ನೊಂದು ಟೇಬಲ್‌ನಲ್ಲಿದೆ, ಆ ಟೇಬಲ್‌ನವರು ರಜೆ. ಪ್ರತಿ ಸಲವೂ ನನ್ನ ವಾರದ ರಜೆ ಬಸ್ಸಿನಲ್ಲೇ ಕಳೆದುಹೋಗುತ್ತಿತ್ತು.

ಇದಕ್ಕಿಂತ ವಿಚಿತ್ರವಾದದ್ದು ಕೇಳಿ. ಸ್ಥಳ ಪರಿಶೀಲನೆ ಆಗುವವರೆಗೆ ಬೂಷ್ಟು ಇದ್ದ ಹಾಗೇ ಇರಬೇಕಂತೆ, ಒರೆಸಲೂ ಬಾರದಂತೆ.

ಎರಡು ತಿಂಗಳು ಅದನ್ನು ಜೋಪಾನ ಮಾಡಿದೆ ನಾನು. ರೂಮಿಗೆ ಬೀಗ ಹಾಕಿ, ನಾನು, ಗಂಡ, ಮಗಳು ಮೂರೂ ಜನ ಹಾಲ್‌ನಲ್ಲಿ ಮಲಗಿ. ಬಾಗಿಲ ಸಂದಿಯಿಂದ ವಾಸನೆ ಬರುತ್ತಲೇ ಇತ್ತು.

ಕೊನೆಗೆ ಒಂದು ಗುರುವಾರ ಇಂಜಿನಿಯರ್ ಬರುತ್ತಾರೆಂದು ಫೋನ್ ಬಂತು. ಮಗಳನ್ನು ನೋಡಿಕೊಳ್ಳಲು ಅವ್ವ ಯಳಂದೂರು ಕಡೆಯ ನಮ್ಮೂರಿಂದ ಬಂದಿದ್ದಳು. "ಸಾಹೇಬರು ಮನೆ ನೋಡೋಕೆ ಬರ್ತಾರವ್ವ" ಎಂದಷ್ಟೇ ಹೇಳಿ ಡ್ಯೂಟಿಗೆ ಹೋದೆ. ಅದೇ ನಾನು ಮಾಡಿದ ತಪ್ಪು.

ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ಮೊದಲು ಸುಣ್ಣ. ಹೆಣ್ಣು ನೋಡಲು ಬಂದರೂ ಸುಣ್ಣ, ಸ್ಕೂಲಿಗೆ ಸಾಹೇಬರು ಬಂದರೂ ಸುಣ್ಣ. ನಾನು ಡ್ಯೂಟಿ ನಡುವೆ ಇಂಜಿನಿಯರ್ ಜೊತೆ ಮನೆಗೆ ಬರುವಷ್ಟರಲ್ಲಿ ಅವ್ವ ರೂಮಿನ ಬೀಗ ತೆಗೆದು, ತೆಂಗಿನ ನಾರಿನಿಂದ ಗೋಡೆ ಉಜ್ಜಿ, ನೀಲಿ ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿದಿದ್ದಳು. ಈ ವಯಸ್ಸಿನಲ್ಲಿ, ಸ್ಟೂಲ್ ಹತ್ತಿ.

"ಅಂತಾ ಗ್ವಾಡೆ ತೋರ್ಸಕ್ಕಾಯ್ತದಾ ಮಗ, ಮಾನ ಓಗಕಿಲ್ವಾ" ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

ಇಂಜಿನಿಯರ್ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ. ಫೋಟೋ ತೋರಿಸಿದೆ. ಅವು ಫೈಲಿನಲ್ಲೂ ಇದ್ದವು. ಗೋಡೆ ಮುಟ್ಟಿ ನೋಡಿ ಸರ್, ಎಷ್ಟು ತೇವ ಇದೆ ಎಂದೆ. ಹೊಸ ಸುಣ್ಣ ಅಲ್ವಾ, ತೇವ ಇದ್ದೇ ಇರುತ್ತೆ ಅಂದರು.

ಮಗಳು ಹಾಲ್‌ನಲ್ಲಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೆಬುಲೈಸರ್ ಎಳೆಯುತ್ತಿದ್ದಳು. ಆ ಮೆಷಿನ್ ಸದ್ದಿನ ನಡುವೆಯೇ "ಪರಿಶೀಲನೆ ವೇಳೆ ಬೂಷ್ಟು ಕಂಡುಬಂದಿಲ್ಲ" ಎಂದು ಬರೆದರು. ಮತ್ತೆ ಬಂದರೆ ಹೊಸ ಅರ್ಜಿ ಕೊಡಿ ಎಂದು ಹೇಳಿ, ಅವ್ವನ ಕಾಫಿ ಕುಡಿದು ಹೋದರು.

ಹತ್ತೇ ದಿನಕ್ಕೆ ಸುಣ್ಣದ ಮೇಲೆ ಕಪ್ಪು ಎದ್ದಿತು. ಅವತ್ತೇ ಮಧ್ಯಾಹ್ನ ಮಗಳು ಸ್ಕೂಲಿಂದ ಬಂದವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿತ್ತು, ತುಟಿ ಬಣ್ಣ ತಿರುಗಿತ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ನಾನೇ ಆಕ್ಸಿಜನ್ ಹಾಕಿದೆ, ಡಾಕ್ಟರ್ ಅಡ್ಮಿಟ್ ಮಾಡಿಕೊಂಡರು.

ಮೂರನೇ ದಿನ ಡಿಸ್ಚಾರ್ಜ್ ಆಯಿತು. ಮಗಳನ್ನು ಅವ್ವನ ಜೊತೆ ಊರಿಗೆ ಕಳಿಸಿದೆ. ನನ್ನ ಗಂಡ ಕುಂತೂರಿನ ಫ್ಯಾಕ್ಟರಿ ಕೆಲಸಕ್ಕೆ ರಜೆ ಹಾಕಿದರು. ಇಬ್ಬರೂ ಮೂಗಿಗೆ ಮಾಸ್ಕ್ ಕಟ್ಟಿ ಗಾರೆ ಕಿತ್ತೆವು. ಮೇಸ್ತ್ರಿಯೂ ಬಂದರು. ಗೋಡೆ ನೀವೇ ಒಡೀರಿ, ಪೈಪ್ ಬೇಕಾದ್ರೆ ನಾನು ಮಾಡ್ತೀನಿ ಎಂದು ಹೊರಗೆ ಬೀಡಿ ಸೇದುತ್ತಾ ಕಾದು ಕೂತಿದ್ದರು ಪಾಪ.

ಗೋಡೆ ಸರ್ಕಾರದ್ದು, ಒಪ್ಪುತ್ತೇನೆ. ಕಂಡಕಂಡವರು ಕಟ್ಟಡ ಒಡೆಯಬಾರದೆಂದು ನಿಯಮ ಇದೆ, ಅದೂ ಸರಿಯೇ. ಆದರೆ ಆ ಬೂಷ್ಟು ಬೆಳೆಯೋಕೆ ಯಾರ ಸಹಿ ಬೇಕಾಯಿತು? ಅದನ್ನು ಕೀಳೋಕೆ ಮಾತ್ರ ಇಷ್ಟೊಂದು ಟೇಬಲ್ ಯಾಕೆ?

ಗೋಡೆ ಈಗ ಒಣಗಿದೆ. ಮಗಳು ವಾಪಸ್ ಬಂದು ಮೂರು ವಾರವಾಯಿತು, ಒಂದು ದಿನವೂ ನೆಬುಲೈಸರ್ ಬೇಕಾಗಿಲ್ಲ.

ನಿನ್ನೆ ನೋಟಿಸ್ ಬಂದಿದೆ. ಅನುಮತಿ ಇಲ್ಲದೆ ಗೋಡೆ ಕೆಡವಿದ್ದಕ್ಕೆ ಏಳು ದಿನದೊಳಗೆ ಕಾರಣ ಕೊಡಬೇಕಂತೆ.

ಮಗಳ ಉಸಿರು ಎಂದು ಬರೆದರೆ ಸಾಕಾ, ಇಲ್ಲಾ ಅದನ್ನೂ ಯಾರಾದರೂ ಬಂದು ಪರಿಶೀಲಿಸಬೇಕಾ?