ಮೋಡೆಮ್ಮಿಗೆ ಕಿವಿಗೊಟ್ಟ ದೊಡ್ಡಮ್ಮ

ಅಟ್ಟ ಗುಡಿಸುವಾಗ ಹಳೆಯ ಮೋಡೆಮ್ ಕೈಗೆ ಸಿಕ್ಕಿತು. ಫೋನ್ ಲೈನಿನಲ್ಲಿ ಇಂಟರ್ನೆಟ್ ತರುತ್ತಿದ್ದ ಅಂಗೈಯಗಲದ ಬೂದು ಡಬ್ಬಿ, ಫೋನಿನ ವೈರು ಇನ್ನೂ ಸಿಕ್ಕಿಸಿದಂತೆಯೇ ಇತ್ತು. ಒರೆಸುತ್ತ ಕೂತವಳಿಗೆ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ಆಗ ನಾವು ಕೆ.ಆರ್. ನಗರದಲ್ಲಿದ್ದೆವು. ದೊಡ್ಡಮ್ಮ ನೆಂಟರೇನಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಹತ್ತಿರದ ಭೇರ್ಯ ಊರಿನಿಂದ ಯಾರೇ ಟ್ರಂಕ್ ಕಾಲ್ ಬುಕ್ ಮಾಡಿದರೂ ದನಿಯಲ್ಲೇ ಗುರುತು ಹಿಡಿಯುತ್ತಿದ್ದರಂತೆ. ಅವರ ಒಬ್ಬಳೇ ಮಗಳು ನನ್ನ ಗೆಳತಿ. ಕೇರಳದ ಮಾನಂದವಾಡಿಯ ಹುಡುಗನನ್ನು ಯಾರಿಗೂ ಹೇಳದೆ ಮದುವೆಯಾಗಿ ಹೊರಟುಹೋಗಿದ್ದಳು. ಆರು ವರ್ಷ ದೊಡ್ಡಮ್ಮ ಅವಳ ಹೆಸರೆತ್ತಲಿಲ್ಲ.

ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಇಂಟರ್ನೆಟ್ ಹಾಕಿಸಿದ ಹೊಸದರಲ್ಲಿ ಗೆಳತಿಗೆ ಕಾಗದ ಬರೆದು ನನ್ನ ಇಮೇಲ್ ವಿಳಾಸ ತಿಳಿಸಿದೆ. ಅಷ್ಟರಲ್ಲೇ ಇಂಟರ್ನೆಟ್ ಕೈಕೊಟ್ಟಿತು. ಮೋಡೆಮ್ ನಂಬರ್ ತಿರುಗಿಸುತ್ತಿತ್ತು, ಕಿರುಚುತ್ತಿತ್ತು, ಅರೆ ನಿಮಿಷ ಸುಮ್ಮನಿರುತ್ತಿತ್ತು, ಆಮೇಲೆ ಲೈನ್ ಕಟ್. ಆ ಕಡೆಯಿಂದ ಇಂಥ ಪದ ಬಂದರೆ ಹೆಸರು ಕಳಿಸು, ಇಂಥದ್ದು ಬಂದರೆ ಪಾಸ್‌ವರ್ಡ್ ಕಳಿಸು ಎಂದು ಕಂಪ್ಯೂಟರಿಗೆ ಹೇಳುವ ಏಳೆಂಟು ಸಾಲಿನ ಸ್ಕ್ರಿಪ್ಟ್ ಇತ್ತು. ನಾಲ್ಕು ದಿನ ಅದನ್ನೇ ತಿದ್ದಿ ತಿದ್ದಿ ಸೋತೆ.

ಒಂದು ಮಧ್ಯಾಹ್ನ ಅವರೆಕಾಯಿ ಕೊಡಲು ಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತು ಆ ಕಿರುಚಾಟ ಕೇಳಿಸಿಕೊಂಡರು.

"ಲೈನು ಸರಿಯಾಗೇ ಅದೆ ಕಣವ್ವ. ಆ ಕಡೆಯವ್ನು ಎತ್ತವ್ನೆ, ಏನೋ ಕೇಳವ್ನೆ. ನೀನು ಉತ್ರ ಕೊಡ್ಲಿಲ್ಲ, ಇಟ್ಬುಟ್ಟ. ಏನ್ ಕೇಳ್ತಾನೆ ಅಂತ ನೋಡಕ್ಕಾಗಲ್ವಾ?"

ನನಗದು ಹೊಳೆದೇ ಇರಲಿಲ್ಲ. ಸ್ಕ್ರಿಪ್ಟ್ ನಿಲ್ಲಿಸಿ, ಆ ಕಡೆಯ ಅಕ್ಷರಗಳು ಕಾಣುವ ಟರ್ಮಿನಲ್ ಕಿಟಕಿ ತೆರೆದು ಮತ್ತೆ ಡಯಲ್ ಮಾಡಿದೆ. ಇಂಟರ್ನೆಟ್ ಕಂಪನಿಯವರು ಈಗ ಕೇಳುತ್ತಿದ್ದುದು 'ಯೂಸರ್‌ನೇಮ್'. ನನ್ನ ಸ್ಕ್ರಿಪ್ಟ್ ಕಾಯುತ್ತಿದ್ದುದು 'ಲಾಗಿನ್' ಪದಕ್ಕೆ. ಒಂದೇ ಪದ ಬದಲಿಸಿದೆ. ಸಂಪರ್ಕ ಬಂತು.

ಬಂದಿದ್ದು ಒಂದೇ ಮೇಲ್, ಗೆಳತಿಯದು. ಮಗು ಹುಟ್ಟಿ ಮೂರು ತಿಂಗಳಾಯಿತು, ಹೆಣ್ಣು, ಅಮ್ಮ ಹೇಗಿದ್ದಾರೆ, ನಾನು ಕೇಳಿದೆನೆಂದು ಹೇಳಬೇಡ ಎಂದು ಬರೆದಿದ್ದಳು.

"ಯಾರ್ದವ್ವ?" ಎಂದರು ದೊಡ್ಡಮ್ಮ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಯಾವುದೋ ಅಂಗಡಿಯವರದು ಅಂದಿದ್ದರೆ ನಂಬುತ್ತಿದ್ದರೇನೋ... ಕೊನೆಗೆ ಪೂರ್ತಿ ಓದಿ ಹೇಳಿದೆ, ಹೇಳಬೇಡ ಅನ್ನುವ ಮಾತನ್ನೂ ಸೇರಿಸಿ.

ದೊಡ್ಡಮ್ಮ ಅವರೆಕಾಯಿ ಕೆಳಗಿಟ್ಟು ಪಕ್ಕದಲ್ಲಿ ಕೂತರು. "ಇನ್ನೊಂದ್ಸಲ ಓದು" ಅಂದರು. ಓದಿದೆ.

"ಬತ್ತೀನಿ ಅಂತ ಬರಿ. ಬಾಣಂತಿ ತಲೆಗೆ ಬಟ್ಟೆ ಕಟ್ಕೊಂಡಿರ್ಲಿ ಅಂತ್ಲೂ ಬರಿ."

ಅದೇ ವಾರ ಎಚ್.ಡಿ. ಕೋಟೆಗೆ ಹೋಗಿ, ಕಾಕನಕೋಟೆ ಕಾಡು ದಾಟಿ ಮಾನಂದವಾಡಿಗೆ ಹೋಗುವ ಬಸ್ಸು ಹಿಡಿದರು. ಮೊಮ್ಮಗಳ ಮುಖ ನೋಡಿದ ಮೇಲೆ ಅಲ್ಲೇ ಉಳಿದುಬಿಟ್ಟರು. ಫೋನ್ ಮಾಡಿದಾಗಲೆಲ್ಲ ಬಾರವ್ವ ಎಂದು ಕರೆಯುತ್ತಿದ್ದರು. ನಾಲ್ಕೈದು ಗಂಟೆಯ ದಾರಿ, ಅಷ್ಟೇ. ನಾನು ಹೋಗಲಿಲ್ಲ.

ಹೋದದ್ದು ಕಳೆದ ವರ್ಷ, ಅವರು ತೀರಿಕೊಂಡ ಸುದ್ದಿ ಬಂದ ಮೇಲೆ. ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜಗುಲಿಯಲ್ಲಿ ಕೂತವಳಿಗೆ ಮೊಮ್ಮಗಳು ಕಾಫಿ ತಂದಳು. ಮನೆಯವರೊಂದಿಗೆ ಮಲಯಾಳಂನಲ್ಲಿ ಮಾತಾಡುತ್ತಿದ್ದವಳು ನನ್ನ ಕಡೆ ತಿರುಗಿ, "ಕುಡೀರಿ ಚಿಕ್ಕವ್ವ, ಆರೋಯ್ತದೆ" ಅಂದಳು. ಥೇಟ್ ದೊಡ್ಡಮ್ಮನ ರಾಗ.

ಈಗ ಆಗಾಗ ಆ ಹುಡುಗಿಗೆ ಫೋನ್ ಮಾಡುತ್ತೇನೆ. ದೊಡ್ಡಮ್ಮನ ಜೊತೆ ಮಾತಾಡಿದಂತೇನೂ ಆಗುವುದಿಲ್ಲ. ಆದರೂ ಮಾಡುತ್ತೇನೆ.