ಮಮದಾಪುರದ ಅಜ್ಜಿ ಹಿಡಿದ ಬ್ರೇಕ್

ನನ್ನ ಹಳೆಯ ಕಾರಿನ ಬ್ರೇಕ್ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ಒಂದೇ ತೊಂದರೆ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲು ಇನ್ನೊಬ್ಬರ ಕಾಲು ಬೇಕು. ನಾನು ಚಕ್ರದ ಹತ್ತಿರ ನಟ್ಟು ಸಡಿಲಿಸುವಾಗ ಅವರು ಪೆಡಲ್ ತುಳಿದು ಹಿಡಿದಿರಬೇಕು. ನಡುವೆ ಬಿಟ್ಟರೆ ಗಾಳಿ ಮತ್ತೆ ಒಳಗೆ.

ಅವತ್ತು ಮನೆಯಲ್ಲಿ ಯಾರೂ ಇರಲಿಲ್ಲ. ಬಬಲೇಶ್ವರದ ನಮ್ಮ ಮನೆಯೆದುರು ಮಮದಾಪುರದ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯನ್ನೇ ಕೇಳಿದೆ. ಚಪ್ಪಲಿ ಹೊರಗೆ ಬಿಟ್ಟು, ಸ್ಟೇರಿಂಗಿಗೆ ಕೈಮುಗಿದು ಕೂತರು.

"ನಾ ಹೇಳೂತನಕ ಕಾಲ ತಗೀಬ್ಯಾಡ್ರಿ," ಅಂದೆ.

ಕೊನೆಯ ಚಕ್ರಕ್ಕೆ ಬಂದಾಗ ಹಿಂದೆ ಬಸ್ಸು ನಿಂತು ಹೋದ ಸದ್ದಾಯಿತು. ನನಗೆ ಲಕ್ಷ್ಯವೇ ಇಲ್ಲ. ನಟ್ಟು ಬಿಗಿದು ಎದ್ದು ನೋಡಿದರೆ ಅಜ್ಜಿ ಇನ್ನೂ ಪೆಡಲ್ ತುಳಿದೇ ಕೂತಿದ್ದಾರೆ.

"ಅಯ್ಯ, ನಿಮ್ಮ ಬಸ್ ಹೋತಲ್ರಿ!"

"ನೀ ತಗೀ ಅಂದಿಲ್ಲಲ್ಲೋ ಯಪ್ಪಾ. ಈಗರ ತಗೀಲೇನು?"

ಒಂದು ಸುತ್ತು ಹೊಡೆದು ಬ್ರೇಕ್ ಪರೀಕ್ಷಿಸಿ, ಅವರನ್ನು ಊರಿಗೆ ನಾನೇ ಕರೆದೊಯ್ದೆ. ದಾರಿಯಲ್ಲಿ ಕುರಿ ಅಡ್ಡ ಬಂದಾಗೆಲ್ಲ ನನಗಿಂತ ಮೊದಲು ಅಜ್ಜಿಯ ಕಾಲೇ ಕೆಳಗೆ ಒತ್ತುತ್ತಿತ್ತು. ಮನೆ ಮುಂದೆ ಇಳಿದವರೇ ಸೊಸೆಗೆ ಹೇಳಿದರು: "ಗಾಡಿ ಇವ ಹೊಡದಾನ. ಬ್ರೇಕ್ ನಾ ಹಿಡದೇನಿ."

ಮಾತು ಖರೆಯೇ. ಡ್ರೈವರ್ ಅಂತ ನನಗೂ ಒಂದು ಕಪ್ ಚಹಾ ಸಿಕ್ಕಿತು.